ಕಿರಿಯವನ ಪಾಲು

೯ ಅಕ್ಟೋಬರ್ ೧೯೫೬, ಸಂಜೆ

ಒಂದೇ ಗುಂಡಿಗೆ ಹನ್ನೊಂದು ಕಾಡುಕೋಳಿ ಹೊಡೆದೆ. ಹನ್ನೆರಡನೆಯದು ಸದ್ದಿಗೇ ಸತ್ತು ಬಿತ್ತು. ಲಿಂಕನ್‌ಶೈರ್ ಯಾಕೆ, ಇಡೀ ಇಂಗ್ಲೆಂಡಿನಲ್ಲೇ ನನ್ನಂಥ ಗುರಿಗಾರ ಇನ್ನೊಬ್ಬನಿಲ್ಲ. ಮನೆಗೆ ತಂದದ್ದು ಮಾತ್ರ ಒಂದು. ಉಳಿದವು ಭಾರ ಅಂತ ಅಲ್ಲೇ ಬಿಟ್ಟೆ.

ಮಧ್ಯಾಹ್ನ ಊರಿನ ಹೆಂಡದಂಗಡಿ ‘ಬಿಳಿ ಜಿಂಕೆ’ಯಲ್ಲಿ ಬಿಯರ್. ಅಂಗಡಿ ನಡೆಸುವ ಸೇತ್‌ಗೆ ಹೇಳಿದೆ.

“ಹನ್ನೊಂದಾ? ಬರ್ತಾ ಬಾಗಿಲ ಹತ್ರ ಏಳು ಅಂದ್ರಿ ಕ್ಲೆಮ್ ಸಾಹೇಬ್ರೆ. ಸತ್ತ ಮೇಲೂ ಮರಿ ಹಾಕ್ತವಾ ನಿಮ್ ಕೋಳಿ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಣ್ಣ ಒಳಗೆ ಬಂದರೆ ಎದ್ದು ಟೋಪಿ ತೆಗೆಯುತ್ತಾರೆ — ಅವನು ಲಾರ್ಡ್ ಆಸ್ಕರ್ಬಿ. ನಾನು ಬಂದರೆ ಕುರ್ಚಿ ಕೂಡ ಬಿಡುವುದಿಲ್ಲ. ಹೊಟ್ಟೆ ಒಂದೇ. ಎರಡು ವರ್ಷ ತಡವಾಗಿ ಬಂದೆ, ಅಷ್ಟೇ.

೧೨ ಅಕ್ಟೋಬರ್

ಅಣ್ಣ ಕರೆಸಿದ. ಶ್ವಾಸಕೋಶ ಹೋಗಿದೆ. ಡಾಕ್ಟರು ಕೈ ಚೆಲ್ಲಿದ್ದಾರೆ.

ಮಲಗಿದ್ದು ಪಟಗಳ ಕೋಣೆಯಲ್ಲಿ. ಗೋಡೆಯ ತುಂಬ ಹಳೆಯ ಲಾರ್ಡ್‌ಗಳು. ಮೊದಲನೆಯವನಿಗೆ ಪದವಿ ಸಿಕ್ಕಿದ್ದು ಯುದ್ಧದಲ್ಲಿ ರಾಜನ ಕುದುರೆ ಕುಂಟಿದಾಗ ತನ್ನದನ್ನು ಕೊಟ್ಟದ್ದಕ್ಕೆ. ನಾನು ಹೇಳುವುದು ಹೀಗೆ. ಅಣ್ಣ ಹೇಳುವ ಪ್ರಕಾರ ರೊಕ್ಕ ಕೊಟ್ಟು ಕೊಂಡದ್ದು. ಮೂರನೆಯವನು ತಮ್ಮನನ್ನು ಕೆರಿಬಿಯನ್ ದ್ವೀಪಕ್ಕೆ ಹಡಗು ಹತ್ತಿಸಿದ. ತಮ್ಮ ಅಲ್ಲೇ ಜ್ವರ ಬಂದು ಸತ್ತ. ಐದನೆಯವನು ತಮ್ಮನಿಗೆ ಹುಚ್ಚು ಎಂದು ಹಾಲಿನ ಕೊಟ್ಟಿಗೆಯಲ್ಲಿ ಕೂಡಿಹಾಕಿದ. ಆರು ವಾರದಲ್ಲಿ ನಿಜವಾಗಿಯೂ ಹುಚ್ಚು ಹಿಡಿಯಿತಂತೆ. ಏಳನೆಯವನು ನಮ್ಮಪ್ಪ. ಅಣ್ಣನನ್ನು ದೊಡ್ಡ ಬೋರ್ಡಿಂಗ್ ಶಾಲೆಗೆ ಕಳಿಸಿದ. ನನ್ನನ್ನು ಚರ್ಚಿನ ಪಕ್ಕದ ಹಳ್ಳಿ ಶಾಲೆಗೆ. “ಕಿರಿಯವನಿಗೆ ಅಷ್ಟು ಸಾಕು.” ಕಿರಿಯರ ಪಟ ಒಂದೂ ಗೋಡೆಯ ಮೇಲಿಲ್ಲ.

“ಕ್ಲೆಮ್, ಡಿಯೆಪ್ ವಿಷ್ಯ ನಿನ್ ಬಾಯಿಂದ ಬರಬಾರ್ದು,” ಅಂದ ಅಣ್ಣ.

“ಯಾವತ್ತಾದ್ರೂ ಬಾಯಿ ಬಿಟ್ಟಿದೀನಾ?”

“ನೀನು ಬಾಯಿ ಮುಚ್ಚಿದ್ದು ಯಾವತ್ತು, ಅದು ಹೇಳು.”

ಇಬ್ಬರೂ ನಕ್ಕೆವು. ಅವನಿಗೆ ಕೆಮ್ಮು ಹತ್ತಿತು. ಕೈ ಹಿಡಿದು ಮಾತು ಕೊಟ್ಟೆ.

ಡಿಯೆಪ್. ೧೯೨೮. ಅಣ್ಣ ಡೋರೀನ್‌ಳನ್ನು ಮೆಚ್ಚಿದ್ದ. ಮೀನು ವ್ಯಾಪಾರಿಯ ಮಗಳು. ಅಪ್ಪ ಒಪ್ಪಲಿಲ್ಲ. ಇಬ್ಬರೂ ಕಡಲು ದಾಟಿ ಫ್ರಾನ್ಸಿಗೆ ಓಡಿದರು. ಅಪ್ಪ ಒಪ್ಪಲಿ ಎಂದು ಮದುವೆ ಕಾಯಿತು. ಮಗು ಕಾಯಲಿಲ್ಲ. ಲಿಯೋನೆಲ್ ಹುಟ್ಟಿದ ಮೇಲೆ ಮದುವೆ. ಮಗುವನ್ನು ಎತ್ತಿಕೊಂಡು ನಿಂತಿದ್ದವನು ನಾನು. ಹೊಸ ಕೋಟಿನ ಮೇಲೆ ಹಾಲು ಕಕ್ಕಿತು. ಊರಿಗೆ ಬಂದು ಮದುವೆಯನ್ನು ಒಂದು ವರ್ಷ ಹಿಂದಕ್ಕೆ ತಳ್ಳಿ ಹೇಳಿದರು. ಗೊತ್ತಿದ್ದದ್ದು ಮೂವರಿಗೆ. ಇನ್ನು ಇಬ್ಬರಿಗೆ.

೧೯ ಅಕ್ಟೋಬರ್

ಅಣ್ಣನ ಮಣ್ಣು ಇವತ್ತು.

ಶವದ ಹಿಂದೆ ಮೊದಲು ನಡೆಯಬೇಕಾದವನು ಹೊಸ ಲಾರ್ಡ್. ಲಿಯೋನೆಲ್ ನಡೆದ. ಸರಿ. ಪಕ್ಕದಲ್ಲಿ ಡೋರೀನ್. ಸರಿ. ಅವರ ಹಿಂದೆ ನಾನು ಹೆಜ್ಜೆ ಇಟ್ಟೆ. ಡೋರೀನ್ ತಿರುಗಿ ನೋಡಿ, “ಸ್ವಲ್ಪ ನಿಲ್ಲು ಕ್ಲೆಮ್, ಬ್ರ್ಯಾಂಬಲ್ ಬರ್ಲಿ,” ಅಂದಳು. ಬ್ರ್ಯಾಂಬಲ್ ಅಣ್ಣನ ನಾಯಿ. ಆಳು ಅದನ್ನು ಹಿಡಿದುಕೊಂಡು ನನ್ನ ಮುಂದೆ ನಡೆದ. ಚರ್ಚಿನ ತನಕ ನಾಯಿಯ ಬಾಲ ನೋಡುತ್ತ ನಡೆದೆ. ಇಡೀ ಊರು ನೋಡಿತು. ಸೇತ್ ತುಟಿ ಕಚ್ಚಿಕೊಂಡಿದ್ದ — ಅಳು ತಡೆಯುವುದಕ್ಕಲ್ಲ.

ಅರವತ್ತು ವರ್ಷ ಅಣ್ಣನ ಹಿಂದೆ ನಡೆದೆ. ಇನ್ನು ನಾಯಿಯ ಹಿಂದೆ?

೨೧ ಅಕ್ಟೋಬರ್

ಮಾತು ಕೊಟ್ಟದ್ದು ಅಣ್ಣನಿಗೆ. ಅಣ್ಣ ಈಗಿಲ್ಲ.

ಕಾನೂನು ನನಗೆ ಗೊತ್ತು. ಆಮೇಲೆ ಮದುವೆಯಾದರೂ ಮಗು ಸಕ್ರಮ — ಮನೆ, ಜಮೀನು, ದುಡ್ಡು ಏನು ಬೇಕಾದರೂ ಪಡೆಯಬಹುದು. ಪದವಿ ಮಾತ್ರ ಇಲ್ಲ. ಪದವಿಗೆ ಮೊದಲು ಉಂಗುರ, ಆಮೇಲೆ ತೊಟ್ಟಿಲು. ಆ ಲೆಕ್ಕದಲ್ಲಿ ಒಂಬತ್ತನೆಯ ಲಾರ್ಡ್ ಆಸ್ಕರ್ಬಿ ಈಗ ನಮ್ಮ ವಂಶದ ಬಂಗಲೆ ‘ಹಾಲ್‌’ನ ಗೇಟಿನ ಪಕ್ಕದ ಕಾವಲುಮನೆಯಲ್ಲಿ ಕೂತು, ಇದನ್ನು ಬರೆಯುತ್ತ, ಕಾಲಿಗೆ ಬಿಸಿನೀರು ಕಾಯಿಸುತ್ತಿದ್ದಾನೆ.

೬ ನವೆಂಬರ್

ಬಸ್ಸಿನಲ್ಲಿ ಲಿಂಕನ್‌ಗೆ. ವಕೀಲ ಪಾಸ್ಕ್. ಮೂಗಿನ ತುದಿಯಲ್ಲಿ ಯಾವಾಗಲೂ ಒಂದು ಹನಿ. ಎಲ್ಲ ಹೇಳಿದೆ. ಡಿಯೆಪ್‌ನಲ್ಲಿ ಯಾವ ಕಚೇರಿಯಲ್ಲಿ ಹುಡುಕಬೇಕು ಅನ್ನುವುದನ್ನೂ.

“ಹಾಲ್, ಜಮೀನು ನಿಮ್ಮಣ್ಣ ಮಗನ ಹೆಸರು ಹಾಕೇ ಬರ್ದಿದಾರೆ. ಗೆದ್ರೂ ನಿಮಗೆ ಬರೋದು ಹೆಸರು ಮಾತ್ರ,” ಅಂದ.

“ಹೆಸರೇ ಬೇಕು.”

“ಈಗ ನಿಮ್ಮ ಜೀವನ ಹೇಗೆ?”

“ಅಪ್ಪ ಬರ್ದಿಟ್ಟಿದಾನೆ. ಕಾವಲುಮನೆ, ವರ್ಷಕ್ಕೆ ನಾನೂರು ಪೌಂಡು. ಸಾಯೋವರೆಗೂ.”

“ಆ ಪತ್ರ ಒಂದ್ಸಲ ತಂದು ತೋರಿಸ್ತೀರಾ?”

“ತೋರಿಸೋದೇನು ಬಂತು? ಬಾಯಿಪಾಠ ನಂಗೆ.”

ಬಾಯಿಪಾಠ ಅಂದರೆ — ಅಪ್ಪ ಒಮ್ಮೆ ಓದಿ ಹೇಳಿದ್ದ. ಅರ್ಧಕ್ಕೆ ನಿದ್ದೆ ಬಂದಿತ್ತು. ಪತ್ರ ಹಾಲ್‌ನ ಕಬ್ಬಿಣದ ಪೆಟ್ಟಿಗೆಯಲ್ಲಿದೆ. ಹೋಗಿ ಡೋರೀನ್‌ಳನ್ನು ಕೇಳುವುದೇ?

ಲೆಟ್ಟಿ ಅತ್ತೆ ನನಗೆ ಬಿಟ್ಟುಹೋದ ದುಡ್ಡು ಬ್ಯಾಂಕಿನಲ್ಲಿ ಸುಮ್ಮನೆ ಕೊಳೆಯುತ್ತಿತ್ತು. ಮೊದಲ ಚೆಕ್ ಬರೆದೆ. ಸಹಿ ಬಹಳ ಚೆನ್ನಾಗಿ ಬಂತು.

೨೦ ನವೆಂಬರ್

ಲಿಯೋನೆಲ್ ಬಂದಿದ್ದ. ತೋಳಿನ ಮೇಲೆ ಲಾರ್ಡ್‌ಗಳ ಕೆಂಪು ನಿಲುವಂಗಿ. ಮೂರು ವರ್ಷದ ಹಿಂದೆ ರಾಣಿಯ ಪಟ್ಟಾಭಿಷೇಕಕ್ಕೆ ಅಣ್ಣ ಹಾಕಿಕೊಂಡದ್ದು. ಕಾಲರಿನ ಬಿಳಿ ತುಪ್ಪಳಕ್ಕೆ ನುಸಿ ಹಿಡಿದಿದೆ.

“ಚಿಕ್ಕಪ್ಪ, ಲಂಡನ್ನಿಗೆ ಹೋಗಿ ಲಾರ್ಡ್‌ಗಳ ಸಭೇಲಿ ಕೂರೋಣ ಅಂತ ನಂಗೆ ಆಸೆ. ಅಮ್ಮ ಬೇಡವೇ ಬೇಡ ಅಂತಾಳೆ. ಯಾಕೆ ಅಂದ್ರೆ ಹೇಳಲ್ಲ.”

ನಾನು ಬಲ್ಲೆ ಯಾಕೆಂದು. ಸಭೆಗೆ ಹೋಗದಿದ್ದರೆ ಊರಿನವರು ಸಾಯುವ ತನಕ ಲಾರ್ಡ್ ಎಂದು ಕರೆಯುತ್ತಾರೆ. ಯಾರೂ ಹುಟ್ಟಿದ ದಿನ ಕೇಳುವುದಿಲ್ಲ. ಹೋದರೆ ಕೇಳುತ್ತಾರೆ.

“ಹೋಗೋ ಮಗಾ. ಯಾಕೆ ಹೆದರ್ತೀಯ?” ಅಂದೆ. ನಿಲುವಂಗಿ ತೊಡಿಸಿದೆ. ಭುಜ ಸರಿಮಾಡಿದೆ. ಬೆನ್ನು ತಟ್ಟಿ, “ನಿಮ್ಮಪ್ಪನಿಗಿಂತ ನಿಂಗೇ ಒಪ್ತದೆ,” ಅಂದೆ. ಸುಳ್ಳಲ್ಲ, ಒಪ್ಪುತ್ತಿತ್ತು. ಹುಡುಗನ ಕಣ್ಣಲ್ಲಿ ನೀರು ಬಂತು. ಬಿಷಪ್‌ನ ಮಗಳು ಸಿಸಿಲಿಯೊಂದಿಗೆ ಜೂನ್‌ನಲ್ಲಿ ಮದುವೆ ಎಂದ. ಸಾಕ್ಷಿಯಾಗಿ ನಾನೇ ಪಕ್ಕದಲ್ಲಿ ನಿಲ್ಲಬೇಕಂತೆ.

ಪಾಸ್ಕ್‌ನ ಆಳು ಡಿಯೆಪ್‌ನಲ್ಲಿದ್ದಾನೆ. ಇವತ್ತು ದಾಖಲೆ ಸಿಕ್ಕಿರಬೇಕು.

೧೪ ಜನವರಿ ೧೯೫೭

ಅರ್ಜಿ ಹೋಯಿತು. ಡೋರೀನ್‌ಗೆ ನೋಟಿಸ್ ಮುಟ್ಟಿದೆ. ಬೆಳಿಗ್ಗೆ ಹಿಮದಲ್ಲಿ ನಡೆದುಕೊಂಡೇ ಬಂದಳು. ಕೂರಲು ಹೇಳಲಿಲ್ಲ. ನಾನು ಮೊಟ್ಟೆ ತಿನ್ನುತ್ತಿದ್ದೆ. ತಿನ್ನುತ್ತಲೇ ಇದ್ದೆ.

“ಕ್ಲೆಮ್, ಅವನಿಗೆ ಏನೂ ಗೊತ್ತಿಲ್ಲ. ನಾನೇ ಹೇಳ್ತೀನಿ. ಒಂದ್ ತಿಂಗ್ಳು ಕೊಡು.”

“ಶ್ರಮ ಯಾಕೆ ಅತ್ತಿಗೆ? ಪೇಪರ್‌ನೋರು ಹೇಳ್ತಾರೆ.”

“ಸಿಸಿಲಿ ಮನೆಯೋರು ಬಿಟ್ಬಿಡ್ತಾರೆ. ನಂದು ಹೋಗ್ಲಿ, ಮೀನಂಗಡಿಯೋಳು, ಏನು ಬೇಕಾದ್ರೂ ಅನ್ನಿಸ್ಕೊಂಡು ಬೆಳ್ದೋಳು. ಅವನೇನು ಮಾಡ್ದ? ನಿನ್ನ ತೊಡೆ ಮೇಲೆ ಆಡಿದೋನು.”

“ಕೋಟಿನ ಮೇಲೆ ಕಕ್ಕಿದೋನು.”

“ನಿಂಗೆ ಏನು ಬೇಕು? ಹೇಳು.”

“ನಾಯಿಗಿಂತ ಮುಂದೆ ನಡೀಬೇಕು.”

ಅವಳಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಆಯಿತು. ನಿಮ್ಮಣ್ಣ ಸಾಯುವ ಮೊದಲು ಕೇಳಿಕೊಂಡದ್ದು, ಆ ನಾಯಿ ನನ್ನ ಶವದ ಹಿಂದೆಯೇ ಬರಲಿ ಅಂತ — ಎಂದಳು. ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಏನು ಮಾಡುವುದು, ಅರ್ಜಿ ಹೋಗಿಯಾಗಿದೆ. ಮೊಟ್ಟೆಗೆ ಉಪ್ಪು ಹಾಕಿಕೊಂಡೆ.

ಬಾಗಿಲಲ್ಲಿ ನಿಂತು ಮನೆಯನ್ನೆಲ್ಲ ಒಮ್ಮೆ ನೋಡಿದಳು. ಒಲೆ, ಪರದೆ, ನನ್ನ ಬೂಟು.

“ನಿಮ್ಮಪ್ಪ ಬರ್ದ ಪತ್ರ ಪೂರ್ತಿ ಓದಿದೀಯಾ ಕ್ಲೆಮ್?”

“ನಿಂಗಿಂತ ಚೆನ್ನಾಗಿ.”

“ಸರಿ ಹಾಗಾದ್ರೆ.”

ಹೋದಳು. ಹೆದರಿಸಲು ನೋಡಿದಳು. ನನ್ನನ್ನಾ!

೩ ಏಪ್ರಿಲ್

ಲಂಡನ್ ಪೇಪರಿನಲ್ಲಿ ಬಂತು. ಮೂರನೆಯ ಪುಟ. ಡೋರೀನ್‌ಳ ಹಳೆಯ ಫೋಟೊ, ದೊಡ್ಡ ಹ್ಯಾಟು. ನನ್ನ ಹೆಸರು ಎರಡು ಸಲ. ಒಂದು ಕಡೆ ವಯಸ್ಸು ಹೆಚ್ಚು ಹಾಕಿದ್ದಾರೆ.

ಬಿಷಪ್ ಉಂಗುರ ಹಿಂದಕ್ಕೆ ಕಳಿಸಿದರಂತೆ. ಅಂಚೆಯಲ್ಲಿ. ರಿಜಿಸ್ಟರ್ ಕೂಡ ಮಾಡದೆ.

ಮಧ್ಯಾಹ್ನ ಲಿಯೋನೆಲ್ ಬಂದ. ಒಳಗೆ ಬರಲಿಲ್ಲ.

“ಚಿಕ್ಕಪ್ಪ, ಮದುವೇಲಿ ನನ್ನ ಎತ್ಕೊಂಡಿದ್ದೋರು ನೀವಂತೆ.”

“ಹೌದು.”

“ಬೀಳಿಸಿಬಿಡಬೇಕಿತ್ತು.”

ಅಷ್ಟೇ ಅಂದು ಹೋದ. ಆಮೇಲೆ ಬಹಳ ಒಳ್ಳೊಳ್ಳೆಯ ಉತ್ತರಗಳು ಹೊಳೆದವು. ಯಾವುದನ್ನೂ ಇಲ್ಲಿ ಬರೆಯುವುದಿಲ್ಲ.

೧೧ ಫೆಬ್ರವರಿ ೧೯೫೮

ಗೆದ್ದೆ.

ಲಿಯೋನೆಲ್ ತಕರಾರೇ ಮಾಡಲಿಲ್ಲ. ಒಬ್ಬ ವಕೀಲನನ್ನೂ ಇಡಲಿಲ್ಲ. ಆದರೂ ಒಂದು ವರ್ಷ ಹಿಡಿಯಿತು. ಪಾಸ್ಕ್ ಪ್ರತಿ ಕಾಗದಕ್ಕೂ ಬಿಲ್ ಕಳಿಸಿದ — ನಾನು ಬರೆದದ್ದಕ್ಕೆ ಒಂದು, ಅವನು ಓದಿದ್ದಕ್ಕೆ ಒಂದು. ಇರಲಿ. ಇವತ್ತಿನಿಂದ ನಾನು ಒಂಬತ್ತನೆಯ ಲಾರ್ಡ್ ಆಸ್ಕರ್ಬಿ. ರಾಣಿಯ ಮೊಹರು ಬಿದ್ದಿದೆ. ಮುಟ್ಟಿ ನೋಡಿದೆ.

ನೇರ ‘ಬಿಳಿ ಜಿಂಕೆ’ಗೆ. ಎಲ್ಲರೂ ಎದ್ದರು. ಟೋಪಿ ತೆಗೆದರು. ಸೇತ್ ತನ್ನ ಕುರ್ಚಿಯನ್ನೇ ಒರೆಸಿ ಕೊಟ್ಟ. “ಕೂತ್ಕೊಳ್ಳಿ ಪ್ರಭುಗಳೇ.” ಎಲ್ಲರಿಗೂ ನನ್ನ ಲೆಕ್ಕದಲ್ಲಿ ಬಿಯರ್ ಎಂದೆ. ಕುಡಿದರು.

ರಾಣಿ ಸ್ವತಃ ಫೋನ್ ಮಾಡಿ ಅಭಿನಂದಿಸಿದಳು ಎಂದೆ. ಯಾರಾದರೂ ಕಾಲೆಳೆಯಲಿ ಎಂದು ಕಾದೆ.

“ಹೌದು ಪ್ರಭುಗಳೇ,” ಅಂದ ಸೇತ್.

ನಮ್ಮ ಮನೆಯಲ್ಲಿ ಫೋನೇ ಇಲ್ಲ, ಅವನಿಗೆ ಗೊತ್ತು. ಎದುರಾಡುವವರಿಲ್ಲದಿದ್ದರೆ ಸುಳ್ಳಿಗೆ ರುಚಿಯೇ ಇರುವುದಿಲ್ಲ. ನಾನು ಎದ್ದು ಹೊರಗೆ ಬಂದ ಮೇಲೆ ಒಳಗೆ ನಗು ಕೇಳಿಸಿತು.

೨೫ ಮಾರ್ಚ್

ಹಾಲ್‌ಗೆ ಕರೆದಿದ್ದರು. ರಾಜಿಗೆ ಇರಬೇಕು ಎಂದು ಒಳ್ಳೆಯ ಟೈ ಕಟ್ಟಿಕೊಂಡು ಹೋದೆ. ಪಟಗಳ ಕೋಣೆ. ಡೋರೀನ್ ಕನ್ನಡಕ ಹಾಕಿಕೊಂಡಳು. ಕೈಯಲ್ಲಿ ಅಪ್ಪನ ಪತ್ರ. ಇಂಗ್ಲಿಷಿನಲ್ಲೇ ಇದ್ದರೂ ವಕೀಲರ ಇಂಗ್ಲಿಷು. ಅವಳು ಅದನ್ನು ಬಿಡಿಸಿ ಹೇಳಿದಳು.

“‘ನನ್ನ ಕಿರಿಯ ಮಗ ಕ್ಲೆಮೆಂಟ್‌ಗೆ ಕಾವಲುಮನೆ, ವರ್ಷಕ್ಕೆ ನಾನೂರು ಪೌಂಡು. ಸಾಯೋವರೆಗೆ — ಅಥವಾ ಅವನೇ ಲಾರ್ಡ್ ಆಗೋವರೆಗೆ.’ ಯಾವ್ದು ಮೊದ್ಲೋ ಅದು.”

“ಅಂದ್ರೆ?”

“ಅಂದ್ರೆ ಮುಗೀತು. ಲಾರ್ಡ್ ಆದೋನಿಗೆ ಹಾಲ್, ಜಮೀನು ಎಲ್ಲ ಬರ್ತದೆ, ಕಿರಿಯವನ ಪಾಲು ಯಾಕೆ ಅಂತ ನಿಮ್ಮಪ್ಪನ ಲೆಕ್ಕ. ಆವಾಗ ಪದವಿ, ಆಸ್ತಿ ಎರಡೂ ಒಟ್ಟಿಗೇ ಹೋಗ್ತಿತ್ತಲ್ಲ. ಆಮೇಲೆ ಯುದ್ಧದ ತೆರಿಗೆ ಕಟ್ಟೋಕೆ ನಿಮ್ಮಣ್ಣ ಆ ಕಟ್ಟು ಬಿಡಿಸಿ ಆಸ್ತಿ ಬೇರೆ ಮಾಡ್ದ.” ಕನ್ನಡಕ ತೆಗೆದಳು. “ಇದು ಲಾರ್ಡ್‌ನ ತಮ್ಮನಿಗೆ ಕೊಡೋದು. ನೀವೀಗ ಯಾರ ತಮ್ಮ, ಪ್ರಭುಗಳೇ?”

“ಮೊದ್ಲೇ ಯಾಕೆ ಹೇಳ್ಲಿಲ್ಲ?”

“ಪೂರ್ತಿ ಓದಿದೀಯಾ ಅಂತ ಕೇಳ್ದೆ. ನೀನು ಮೊಟ್ಟೆ ತಿಂತಿದ್ದೆ.”

ಲಿಯೋನೆಲ್ ಕಿಟಕಿಯ ಹತ್ತಿರ ನಿಂತಿದ್ದ. ಅವನ ಕಡೆ ತಿರುಗಿದೆ. ಮಗಾ, ನೀನು ಮನಸ್ಸು ಮಾಡಿದರೆ ನಾನು ಅಲ್ಲೇ ಇರಬಹುದು — ಅಂದೆ. ದುಡ್ಡು ಬೇಡ, ಮನೆ ಸಾಕು ಅಂದೆ. ಇನ್ನೂ ಏನೇನೋ ಅಂದೆ. ಬರೆಯಲಾರೆ.

ಅವನು ಒಂದೇ ಮಾತು ಕೇಳಿದ.

“ಅವತ್ತು ನಂಗೆ ನಿಲುವಂಗಿ ತೊಡಿಸಿದ್ರಲ್ಲ. ಭುಜ ಸರಿಮಾಡಿದ್ರಲ್ಲ. ಆಗಲೇ ವಕೀಲನ ಹತ್ರ ಹೋಗಿ ಬಂದಿದ್ರಾ?”

ಇಲ್ಲ ಅನ್ನಬಹುದಿತ್ತು. ನನ್ನಂಥವನಿಗೆ ಎಷ್ಟು ಹೊತ್ತು?

“ಹೋಗಿದ್ದೆ.”

“ಏಪ್ರಿಲ್ ಕೊನೇಲಿ ಖಾಲಿ ಮಾಡಿ.” ಮೊದಲ ಸಲ ಚಿಕ್ಕಪ್ಪ ಅನ್ನಲಿಲ್ಲ.

೨ ಮೇ

ಹಾಲ್ ಬಂಗಲೆಯನ್ನು ಲಿಯೋನೆಲ್ ಕೆಡವುವವರಿಗೆ ಮಾರಿದ. ಗೇಟು, ಕಾವಲುಮನೆ ಎಲ್ಲ ಸೇರಿಸಿ. ತೆರಿಗೆ ತಾಳಲಾರದೆ ಈ ವರ್ಷ ಯಾರು ದೊಡ್ಡ ಮನೆ ಕೆಡವುತ್ತಿಲ್ಲ ಹೇಳಿ? ಮಾಡಿನ ಸೀಸದ ತಗಡು ಮೊದಲು ಹೋಯಿತು, ಆಮೇಲೆ ಮೆಟ್ಟಿಲು. ಲಾರ್ಡ್‌ಗಳ ಪಟ ಹರಾಜಾದವು. ಐದನೆಯವನನ್ನು ಒಬ್ಬ ಚೌಕಟ್ಟಿನ ಸಲುವಾಗಿ ಕೊಂಡ. ತಾಯಿ ಮಗ ಕೆನಡಾಕ್ಕೆ. ನಾಯಿಯನ್ನೂ ಕರೆದುಕೊಂಡು ಹೋದರು.

ಹೊರಡುವಾಗ ನಾನು ರಸ್ತೆಯ ಬದಿಯಲ್ಲಿ ಪೆಟ್ಟಿಗೆಯ ಮೇಲೆ ಕೂತಿದ್ದೆ. ಡೋರೀನ್ ಕಾರು ನಿಲ್ಲಿಸಿ, ಗಾಜು ಇಳಿಸಿ, ತಲೆ ಬಾಗಿಸಿ, “ಪ್ರಭುಗಳೇ,” ಅಂದಳು. ಗಾಜು ಏರಿಸಿದಳು.

೧೯ ಜೂನ್, ಸ್ಕೆಗ್ನೆಸ್

ಬಾಡಿಗೆ ಕೋಣೆ. ಕಿಟಕಿ ಸಮುದ್ರದ ಕಡೆಗಲ್ಲ, ಪಕ್ಕದ ಗೋಡೆಯ ಕಡೆ. ಮನೆಯೊಡತಿ ಮಿಸೆಸ್ ಕ್ರ್ಯಾಗ್ ಮುಂಗಡ ಕೇಳಿದಳು. “ಲಾರ್ಡ್‌ಗಳನ್ನ ಕಂಡಿದೀನಿ ನಾನು. ಒಬ್ಬ ಹೋಗ್ವಾಗ ಬೆಡ್‌ಶೀಟೂ ತಗೊಂಡ್ಹೋದ.”

ಲಂಡನ್ ಸಭೆಗೆ ಒಂದು ಸಲ ಹೋಗಿ ಕೂತೆ. ದಿನಕ್ಕೆ ಮೂರು ಗಿನಿಯ ತನಕ, ಅಂದರೆ ಮೂರು ಪೌಂಡು ಮೂರು ಶಿಲ್ಲಿಂಗ್, ಖರ್ಚು ಕೊಡುತ್ತಾರೆ. ರೈಲು, ತಂಗುವುದು, ಬಾಡಿಗೆ ಕೋಟು — ಅದಕ್ಕಿಂತ ಹೆಚ್ಚಾಯಿತು. ಪಕ್ಕದ ಮುದುಕ ಕೇಳಿದ: “ನಿಮ್ಮ ನಂತರ ಯಾರು?” ಯಾರೂ ಇಲ್ಲ ಎಂದೆ. “ಅಯ್ಯೋ. ಹಾಗಾದ್ರೆ ಯಾಕೆ ಅಷ್ಟು ಗಲಾಟೆ?” ಅಂದು ನಿದ್ದೆ ಹೋದ.

ಮಿಸೆಸ್ ಕ್ರ್ಯಾಗ್ ಕೇಳಿದಳು ಕೇಸಿಗೆ ಎಷ್ಟು ಹೋಯಿತೆಂದು. ಇನ್ನೂರು ಪೌಂಡು ಅಂದೆ. ಚಿಲ್ಲರೆ.

ಇಲ್ಲಿ ಓದುವವರು ಯಾರಿದ್ದಾರೆ. ಪಾಸ್ಕ್‌ಗೆ ಸಾವಿರದ ಐನೂರ ಹತ್ತು. ಡಿಯೆಪ್‌ಗೆ ಹೋದ ಆಳಿಗೆ, ಅಲ್ಲಿ ಪ್ರಮಾಣ ಮಾಡಿಸಿದ್ದಕ್ಕೆ ನೂರ ತೊಂಬತ್ತು. ಲಂಡನ್ನಿನ ದೊಡ್ಡ ವಕೀಲನಿಗೆ ಆರುನೂರ ನಲವತ್ತು. ಅಲ್ಲಿಗೆ ಎರಡು ಸಾವಿರದ ಮುನ್ನೂರ ನಲವತ್ತು. ಅತ್ತೆಯ ದುಡ್ಡು ಪೂರ್ತಿ, ಮೇಲೆ ಸಾಲ. ಅದಕ್ಕೆ ಅಪ್ಪನ ನಾನೂರು ಸೇರಿಸಬೇಕು — ಒಂದು ವರ್ಷಕ್ಕಲ್ಲ, ಬದುಕಿರುವ ಅಷ್ಟೂ ವರ್ಷಕ್ಕೆ. ಹತ್ತು ವರ್ಷ ಬದುಕಿದರೆ ಒಟ್ಟು ಆರು ಸಾವಿರದ ಮುನ್ನೂರ ನಲವತ್ತು. ಇಪ್ಪತ್ತು ಬದುಕಿದರೆ ಹತ್ತು ಸಾವಿರದ ಮುನ್ನೂರ ನಲವತ್ತು. ಬೇಗ ಸತ್ತರೆ ಲಾಭ.