ಗುಡಾರದ ಬಾಗಿಲು

ಆರ್ವಿಡ್ಸ್‌ಯಾರ್
ನವೆಂಬರ್ ೧೯, ಮಂಗಳವಾರ

ಪ್ರೀತಿಯ ಗುನ್ವೊರ್ ಅತ್ತೆಗೆ,

ಫೋನ್ ಎತ್ತದವರಿಗೆ ಕಾಗದ ಬರೆಯದೆ ಬೇರೆ ದಾರಿಯಿಲ್ಲ. ಇದನ್ನು ನಿಮ್ಮ ಕೈಗೇ ಕೊಡುತ್ತೇನೆಂದು ನಿಮ್ಮ ತಂಗಿ ಆಸ್ತಾ ಮಾತು ಕೊಟ್ಟಿದ್ದಾರೆ. ಒಡೆಯದೆ ಒಲೆಗೆ ಹಾಕಬೇಡಿ.

ಮೊದಲು ನಿಮಗೆ ಬೇಕಾದ ಸುದ್ದಿ. ಹಾಲ್ವಾರ್ ಮನೆಗೆ ಬಂದಿದ್ದಾನೆ. ಗೋಡೆ ಹಿಡಿದುಕೊಂಡು ಅಡುಗೆಮನೆಯವರೆಗೆ ನಡೆಯುತ್ತಾನೆ. ಹಸಿ ಸಿಮೆಂಟು ಸುಟ್ಟ ಕೆನ್ನೆ ಒಣಗುತ್ತಿದೆ. ಬಲಗೈ ನಡುಗುತ್ತದೆ. ಕೆಲವು ಮಾತುಗಳು ಅವನಿಗೆ ಸಿಗುವುದಿಲ್ಲ. ನಿನ್ನೆ ಸೂಪು ಕುಡಿಯಲು ಚಮಚ ಕೇಳುವ ಬದಲು, ಸಿಮೆಂಟು ಬಳಿಯುವ ಕರಣೆ ಕೊಡು ಎಂದ. ಕೇಳಿಸಿಕೊಂಡು ಅವನೇ ನಕ್ಕ. ನಾನೂ ನಕ್ಕು, ಆಮೇಲೆ ಸೌದೆ ತರುವ ನೆಪದಲ್ಲಿ ಹೊರಗೆ ಹೋದೆ. ಮಾತೆಲ್ಲ ತಿಂಗಳುಗಳಲ್ಲಿ ಮರಳುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಆ ಒಂದು ದಿನದ ನೆನಪು ಮಾತ್ರ ಅಳಿಸಿಹೋಗಿದೆ, ಅದು ಬರುವುದಿಲ್ಲವಂತೆ.

ಅವನು ದಿನಾ ಕೇಳುವುದು ನಿಮ್ಮನ್ನೇ. "ಅಮ್ಮ ಯಾಕೆ ಬರ್ತಿಲ್ಲ? ನನ್ ಮೇಲೆ ಕೋಪಾನಾ?" ಆಸ್ತಾಗೆ ಮಂಡಿನೋವು, ಅವರನ್ನು ನೋಡಿಕೊಳ್ಳಲು ಸೊರ್ಸೆಲೆಗೆ ಹೋಗಿದ್ದಾರೆ ಎಂದೆ. "ಚಿಕ್ಕಮ್ಮನಿಗೆ ಮಂಡಿನೋವಾ? ಸೆಪ್ಟೆಂಬರಲ್ಲಿ ಬಂದೂಕು ಹೊತ್ಕೊಂಡು ಕಾಡೆಲ್ಲ ಸುತ್ತಿದೋಳು ಅವಳು," ಎಂದು ನನ್ನ ಮುಖವನ್ನೇ ನೋಡಿದ. ಮಾತು ಕಳೆದುಕೊಂಡಿರಬಹುದು, ಸುಳ್ಳು ಹಿಡಿಯುವುದನ್ನು ಮರೆತಿಲ್ಲ.

ಅತ್ತೆ, ಆ ದಿನದ ಬಗ್ಗೆ ನಾವಿಬ್ಬರೂ ಒಂದು ಮಾತೂ ಆಡಿಲ್ಲ. ನೀವು ಮರುದಿನವೇ ಬಸ್ ಹತ್ತಿದಿರಿ. ಹಾಗಾಗಿ ನಾನು ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಮರದ ಮೆಟ್ಟಿಲಲ್ಲಿ ಜಾರಿ ನಿಮ್ಮ ಸೊಂಟ ಮುರಿದಾಗಿನಿಂದ ಅವನಿಗೆ ಒಂದೇ ಧ್ಯಾನ, ಅಮ್ಮನ ಬಾಗಿಲಿಗೆ ಗಟ್ಟಿ ನೆಲ ಹಾಕಬೇಕು. ನೀವು ಅಂದದ್ದು ನೆನಪಿದೆ: "ಕಾಂಕ್ರೀಟಾ? ನನ್ ಮನೆ ಮುಂದೆ ಪೆಟ್ರೋಲ್ ಬಂಕ್ ಇಡ್ತೀಯೇನೋ?" ಅವನು ವಾದ ಮಾಡಲಿಲ್ಲ. ನಿಮ್ಮ ತವರಿಗೆ ಹೋಗಿ, ರೊಟ್ಟಿ ಸುಡುತ್ತಿದ್ದ ಪಾಳುಮನೆಯ ಕಲ್ಲುನೆಲದ ಮೇಲೆ ರಬ್ಬರ್ ಸುರಿದು, ಹಸಿ ಕಾಂಕ್ರೀಟಿನ ಮೇಲೆ ಒತ್ತಿದರೆ ಅದೇ ಕಲ್ಲು ಮೂಡುವಂಥ ಅಚ್ಚು ತೆಗೆದುಕೊಂಡು ಬಂದ. ಅಚ್ಚನ್ನು ನಿಮ್ಮ ಮೇಜಿನ ಮೇಲೆ ಹಾಸಿದಾಗ ನೀವು ಕಣ್ಣು ಮುಚ್ಚಿ ಅದರ ಮೇಲೆ ಕೈ ಆಡಿಸಿದಿರಿ. ಒಂದು ಕಡೆ ಕೈ ನಿಂತಿತು. "ಒಲೆ ಇಲ್ಲಿತ್ತು. ಅಮ್ಮ ಇಲ್ಲೇ ನಿಂತು ನಿಂತು ಕಲ್ಲು ಸವೆದಿತ್ತು," ಎಂದಿರಿ. ಆಮೇಲೆ ಪೆಟ್ರೋಲ್ ಬಂಕಿನ ಮಾತು ಬರಲಿಲ್ಲ.

ಈ ಕೆಲಸಕ್ಕೆ ನಮ್ಮ ಸೀಮೆಯಲ್ಲಿ ಬೇಸಿಗೆಯೊಂದೇ ಕಾಲ. ಹಸಿ ಕಾಂಕ್ರೀಟಿನೊಳಗಿನ ನೀರು ಹೆಪ್ಪುಗಟ್ಟಿದರೆ ಅದು ಒಳಗಿನಿಂದಲೇ ಒಡೆಯುತ್ತದೆ. ಬಣ್ಣ, ಅಚ್ಚು ಎಲ್ಲ ವಸಂತದಲ್ಲಿ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಆದರೆ ಬೇಸಿಗೆಯೆಲ್ಲ ಊರವರ ಅಂಗಳಗಳಿಗೆ ನೆಲ ಹಾಕುವುದರಲ್ಲೇ ಹೋಯಿತು, ತಾಯಿಯ ಬಾಗಿಲು ಕೊನೆಗೆ ಉಳಿಯಿತು. ಅಕ್ಟೋಬರಿನಲ್ಲಿ ಹಿಮ ಬಿತ್ತು. ಮುಂದಿನ ವರ್ಷಕ್ಕೆ ಬಿಡೋಣ ಎಂದೆ. "ಇನ್ನೊಂದು ಚಳಿಗಾಲ ಅಮ್ಮ ಆ ಮೆಟ್ಟಿಲು ಹತ್ತಬೇಕಾ?" ಎಂದ.

ನಮ್ಮ ಒಳ್ಳೆಯ ಹೀಟರ್, ಹೊರಗೆ ಉರಿದು ಕೊಳವೆಯಲ್ಲಿ ಬಿಸಿಗಾಳಿಯನ್ನಷ್ಟೇ ಒಳಗೆ ಕಳಿಸುವುದು, ಅದನ್ನು ಆ ದಿನ ನಾನು ಶೆಲೆಫ್ತಿಯೋ ಪಟ್ಟಣದ ಕೆಲಸಕ್ಕೆ ಒಯ್ದಿದ್ದೆ. ಹಸಿ ನೆಲ ಹೆಪ್ಪುಗಟ್ಟದಿರಲೆಂದು ಅವನು ಅದರ ಮೇಲೆ ಪ್ಲಾಸ್ಟಿಕ್ ಹಾಳೆಯ ಗುಡಾರ ಕಟ್ಟಿ, ಯಾರ ಹತ್ತಿರವೋ ಗ್ಯಾಸ್ ಹೀಟರ್ ತಂದು ಅದರ ಒಳಗೇ ಇಟ್ಟ. ಮಧ್ಯಾಹ್ನ ಫೋನಿನಲ್ಲಿ ಹೇಳಿದಾಗ ನಾನು ಬೈದೆ. "ಬಾಗಿಲು ಒಂದಡಿ ತೆಗೆದಿಟ್ಟಿದೀನಿ ಮಾರಾಯ್ತಿ. ಅಚ್ಚು ಒತ್ತೋಕೆ ಶುರು ಮಾಡಿದೀನಿ, ಕಲ್ಲು ಎದ್ದು ಬರ್ತಿದೆ ನೋಡು, ಅಜ್ಜಿ ಮನೆ ನೆಲಾನೇ," ಎಂದ. ಅವನ ದನಿಯಲ್ಲಿ ಅಷ್ಟು ಖುಷಿಯಿತ್ತು. ಕೆಲಸ ಬಿಟ್ಟು ಆಗಲೇ ಹೊರಡಬೇಕಿತ್ತು ನಾನು, ಹೊರಡಲಿಲ್ಲ.

ಬಂದಾಗ ಬೆಳಕು ಇಳಿಯುತ್ತಿತ್ತು. ಗುಡಾರದೊಳಗೆ ದೀಪ ಉರಿಯುತ್ತಿತ್ತು, ಹೀಟರ್ ಭೋರ್ಗರೆಯುತ್ತಿತ್ತು. ಅಚ್ಚಿನ ಮೇಲೆ ಸುತ್ತಿಗೆ ಬೀಳುವ ಸದ್ದು ಇರಲಿಲ್ಲ. ಕೂಗಿದೆ. ಬಾಗಿಲು ಮುಚ್ಚಿತ್ತು. ಪ್ಲಾಸ್ಟಿಕ್ ಹಾಳೆ ಎಳೆದರೆ ಬರಲಿಲ್ಲ. ಚಾಕು ತೆಗೆದು ಮೇಲಿಂದ ಕೆಳಗೆ ಸೀಳಿದೆ.

ಅವನು ಅಚ್ಚಿನ ಮೇಲೆ ಮಂಡಿ ಊರಿದ ಹಾಗೇ ಮುಂದಕ್ಕೆ ಬಿದ್ದಿದ್ದ. ಕೆನ್ನೆ, ಒಂದು ಅಂಗೈ, ಎರಡೂ ಹಸಿ ಕಾಂಕ್ರೀಟಿನಲ್ಲಿ ಹೂತಿದ್ದವು. ಮುಖ ಕೆಂಪಗಿತ್ತು, ನಿದ್ದೆ ಮಾಡುವ ಮಗುವಿನ ಕೆಂಪು. ಮುಚ್ಚಿದ ಜಾಗದಲ್ಲಿ ಗ್ಯಾಸ್ ಉರಿದರೆ ಹುಟ್ಟುವ ಆ ವಿಷಗಾಳಿಗೆ ವಾಸನೆಯೇ ಇಲ್ಲ ಅತ್ತೆ. ಕಾಲರ್ ಹಿಡಿದು ಹಿಮದ ಮೇಲೆ ಎಳೆದು ಹಾಕಿದೆ. ಎಲ್ಲಿಂದ ಶಕ್ತಿ ಬಂತೋ ಗೊತ್ತಿಲ್ಲ.

ನನ್ನ ಕೂಗಿಗೆ ನೀವು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಿ ಬಂದಿರಿ. ಹಿಮದಲ್ಲಿ ಕೂತು, ಸ್ವೆಟರ್ ಎತ್ತಿ, ಅವನ ಒದ್ದೆ ಪಾದಗಳನ್ನು ಹೊಟ್ಟೆಗೆ ಒತ್ತಿಕೊಂಡಿರಿ. "ಏಳೋ ಪುಟ್ಟ, ಊಟ ಆರಿಹೋಗತ್ತೆ," ಎಂದು ಮತ್ತೆ ಮತ್ತೆ ಹೇಳಿದಿರಿ. ನಾನು ಅವನ ಬಾಯಿಗೆ ಬಾಯಿಟ್ಟು ಉಸಿರು ಊದುತ್ತಿದ್ದೆ. ಅವನು ಒಮ್ಮೆ ಕೆಮ್ಮಿದ. ಆಮೇಲೆ ಆಂಬುಲೆನ್ಸಿನ ದೀಪ ಹಿಮದ ಮೇಲೆ ಬಿತ್ತು. ಸೀಳಿದ ಹಾಳೆಯ ಸುತ್ತ ಬಟ್ಟೆ ಕ್ಲಿಪ್ಪುಗಳು ಚೆಲ್ಲಿದ್ದವು. ನಿಮ್ಮ ಬಟ್ಟೆ ಹಗ್ಗದ ಮರದ ಕ್ಲಿಪ್ಪುಗಳು, ಬಾಗಿಲಿನ ಹಾಳೆಯನ್ನು ಹೊರಗಿನಿಂದ ಬಿಗಿದಿದ್ದವು. ನೀವು ಅವನ್ನು ನೋಡಿದಿರಿ. ನೀವು ನೋಡಿದ್ದನ್ನು ನಾನು ನೋಡಿದೆ. ಅವನ ಪಾದಗಳನ್ನು ನೀವು ಬಿಡಲಿಲ್ಲ, ಆದರೆ ನಿಮ್ಮ ಮಾತು ಅಲ್ಲಿಗೆ ನಿಂತಿತು.

ಅವನನ್ನು ಆಂಬುಲೆನ್ಸಿಗೆ ಏರಿಸುತ್ತಿದ್ದಾಗ ನಾನು ಕ್ಲಿಪ್ಪುಗಳನ್ನು ಆರಿಸಿ ಜೇಬಿಗೆ ಹಾಕಿಕೊಂಡೆ. ಮನೆಗೆ ಬಂದ ಮೇಲೆ ಒಲೆಗೆ ಹಾಕಿದೆ. ಕಾರ್ಮಿಕ ಸುರಕ್ಷತೆಯ ಕಚೇರಿಯಿಂದ ಬಂದ ಹೆಂಗಸು ಬಾಗಿಲು ಹೇಗೆ ಮುಚ್ಚಿತು ಎಂದು ಕೇಳಿದಾಗ, ಗಾಳಿಗೆ ಹಾಳೆ ಬಿದ್ದು ಹಿಮಕ್ಕೆ ಅಂಟಿಕೊಂಡಿತ್ತು ಎಂದೆ. ಕಣ್ಣು ಕೂಡ ಮಿಟುಕಿಸಲಿಲ್ಲ.

ಇದನ್ನು ಓದಿ ನನ್ನನ್ನು ದೊಡ್ಡ ಮನಸ್ಸಿನವಳೆಂದುಕೊಳ್ಳಬೇಡಿ. ಆಸ್ಪತ್ರೆಯಲ್ಲಿ ಅವನ ಹಾಸಿಗೆ ಪಕ್ಕ ಕೂತು ನಿಮ್ಮನ್ನು ಶಪಿಸಿದ್ದೇನೆ. ಕೆಲಸ ಗೊತ್ತಿಲ್ಲದಿದ್ದರೆ ಮುಟ್ಟಬಾರದು, ಎಲ್ಲದಕ್ಕೂ ಕೈ ಹಾಕುತ್ತಾಳೆ ಮುದುಕಿ, ಹೀಗೆಲ್ಲ. ಇನ್ನೂ ಕೆಟ್ಟ ಮಾತುಗಳನ್ನೂ ಕಟ್ಟಿಟ್ಟುಕೊಂಡಿದ್ದೆ, ನೀವು ಬಂದ ತಕ್ಷಣ ಮುಖಕ್ಕೆ ಎಸೆಯಲು. ನೀವು ಬರಲಿಲ್ಲ.

ಆ ಕಚೇರಿಯ ಹೆಂಗಸು ಎರಡನೇ ಸಲ ಬಂದು ಅಳತೆ ಮಾಡಿದಳು. "ಇಷ್ಟು ಚಿಕ್ಕ ಗುಡಾರದಲ್ಲಿ ಈ ಹೀಟರ್ ಇಡೋದೇ ತಪ್ಪು. ಬಾಗಿಲು ಒಂದಡಿ ತೆಗೆದಿದ್ರೂ ಇದೇ ಆಗ್ತಿತ್ತು, ಸ್ವಲ್ಪ ತಡವಾಗಿ, ಅಷ್ಟೆ," ಎಂದಳು. ನಿಮಗೆ ಸಮಾಧಾನ ಹೇಳಲು ಮೊದಲರ್ಧವನ್ನಷ್ಟೇ ಬರೆಯಬಹುದಿತ್ತು. ಆದರೆ ಆ 'ಸ್ವಲ್ಪ ತಡ'ದಲ್ಲಿ ನಾನು ಬಂದು ಮುಟ್ಟುತ್ತಿದ್ದೆನೇನೋ. ಅದನ್ನು ನಿಮ್ಮಿಂದ ಮುಚ್ಚಿಡಲಾರೆ. ನಿಮ್ಮದೇನೂ ಇಲ್ಲ ಎಂದು ನಾನು ಹೇಳಿದರೆ ನೀವು ನಂಬುವುದೂ ಇಲ್ಲ. ನಿಮ್ಮದೂ ಇದೆ. ಹೀಟರ್ ಒಳಗಿಟ್ಟ ಅವನದು ಹೆಚ್ಚು. ಗೊತ್ತಿದ್ದೂ ಕೆಲಸ ಮುಗಿಸಿಯೇ ಹೊರಟ ನನ್ನದು ಎಷ್ಟೆಂದು ನಾನಿನ್ನೂ ಲೆಕ್ಕ ಹಾಕಿಲ್ಲ. ನೀವು ಬಾಗಿಲು ಮುಚ್ಚಿದ್ದು ಮಗನಿಗೆ ಚಳಿಯಾಗದಿರಲಿ ಎಂದು. ಅವನು ಆ ಚಳಿಯಲ್ಲಿ ಕೂತಿದ್ದು ನೀವು ಜಾರದಿರಲಿ ಎಂದು. ಯಾರನ್ನು ಬೈಯಲಿ?

ಆ ನೆಲ ಉಳಿಯುವುದಿಲ್ಲ. ಹೊಗೆ ಕುಡಿದ ಕಾಂಕ್ರೀಟು ಮೇಲ್ಮೈಯಲ್ಲಿ ಸುಣ್ಣದ ಹಾಗೆ ಪುಡಿಯಾಗುತ್ತದೆ. ಕೈಯಾಡಿಸಿದರೆ ಬೆರಳೆಲ್ಲ ಬಿಳಿ. ವಸಂತದಲ್ಲಿ ಒಡೆದು ತೆಗೆಯಬೇಕು. ಅವನ ಮುಖದ ಗುರುತು ಅದರಲ್ಲಿದೆ. ಅವನಿಗೆ ನಾನಿನ್ನೂ ತೋರಿಸಿಲ್ಲ. ಈಗ ಹಿಮ ಮುಚ್ಚಿದೆ.

ಇಷ್ಟನ್ನೂ ನೀವು ಬಂದ ಮೇಲೆ ನಿಧಾನವಾಗಿ ಹೇಳೋಣವೆಂದು ಕಾಯುತ್ತಿದ್ದೆ. ಭಾನುವಾರ ಆಸ್ತಾ ಫೋನ್ ಮಾಡಿದರು. ನೀವು ಊಟ ಬಿಟ್ಟಿದ್ದೀರಂತೆ. ದಿನಾ ಮಧ್ಯಾಹ್ನ ಸರೋವರದ ಕಡೆ ಹೋಗುತ್ತೀರಂತೆ. ದಡದಲ್ಲಿ ನಿಲ್ಲುವುದಲ್ಲ, ಮಂಜುಗಡ್ಡೆಯ ಮೇಲೆ ಹೆಜ್ಜೆ ಇಡುತ್ತೀರಂತೆ, ದಿನದಿಂದ ದಿನಕ್ಕೆ ಇನ್ನಷ್ಟು ಮುಂದೆ. ಅವರು ಕೂಗಿ ಕೇಳಿದರೆ, "ಗಟ್ಟಿಯಾಗಿದೆಯಾ ಅಂತ ನೋಡ್ತಿದೀನಿ," ಎಂದಿರಂತೆ.

ಅತ್ತೆ, ನೀವು ಸರೋವರದ ದಡದಲ್ಲೇ ಹುಟ್ಟಿ ಬೆಳೆದವರು. ನವೆಂಬರಿನ ಮಂಜುಗಡ್ಡೆ ನಾಯಿಯನ್ನು ಹೊರುತ್ತದೆ, ಮನುಷ್ಯರನ್ನಲ್ಲ ಎಂದು ನನಗೆ ಕಲಿಸಿದ್ದೇ ನೀವು. ನೀವು ಏನು ನೋಡುತ್ತಿದ್ದೀರೆಂದು ನನಗೆ ಗೊತ್ತು. ಆಸ್ತಾಗೂ ಗೊತ್ತು, ಅದಕ್ಕೇ ಅವರು ಫೋನ್ ಮಾಡಿದ್ದು.

ನಿಮ್ಮನ್ನು ಕಾಪಾಡಿದೆ ಎಂದುಕೊಂಡು ನಾನು ಹೇಳಿದ ಸುಳ್ಳು ನಿಮ್ಮನ್ನು ಒಂಟಿ ಮಾಡಿದೆ. ಆದ್ದರಿಂದ ಅದನ್ನು ವಾಪಸು ತೆಗೆದುಕೊಳ್ಳುತ್ತೇನೆ. ಸೋಮವಾರ ಕಚೇರಿಯ ಆ ಹೆಂಗಸು ನಿಮ್ಮನ್ನೂ ಮಾತಾಡಿಸಲು ಬರುತ್ತಾಳೆ. ಮೊದಲು ನಾನು ಮಾತಾಡುತ್ತೇನೆ, ಕ್ಲಿಪ್ಪುಗಳ ವಿಷಯ, ಒಲೆಯ ವಿಷಯ, ಎಲ್ಲ. ನೀವು ನನ್ನ ಪಕ್ಕ ಕೂತರೆ ಸಾಕು. ಹಾಲ್ವಾರ್‌ಗೆ ಮಾತ್ರ ನೀವೇ ಹೇಳಬೇಕು. ನಾನು ಹೇಳುವುದಿಲ್ಲ, ನನ್ನ ಬಾಯಲ್ಲಿ ಅದು ದೂರು ಹೇಳಿದಂತಾಗುತ್ತದೆ.

ಶನಿವಾರ ಬೆಳಿಗ್ಗೆ ನಮ್ಮ ವ್ಯಾನ್ ಆಸ್ತಾ ಮನೆ ಮುಂದೆ ನಿಂತಿರುತ್ತದೆ. ನೀವು ಹತ್ತುವವರೆಗೂ ನಿಂತಿರುತ್ತದೆ. ಅಲ್ಲಿಯವರೆಗೆ ದಡ ಬಿಟ್ಟು ಮುಂದಕ್ಕೆ ಒಂದು ಹೆಜ್ಜೆಯೂ ಇಡಬೇಡಿ. ಇದು ಬೇಡಿಕೆಯಲ್ಲ.

ನಿಮ್ಮ ಸೊಸೆ,
ಇಂಗೆಲಾ

ತಾ.ಕ. ಬುಧವಾರ. ಲಕೋಟೆ ಅಂಟಿಸದೆ ಮೇಜಿನ ಮೇಲಿಟ್ಟು ಅಂಗಳದ ಹಿಮ ತೆಗೆಯಲು ಹೋಗಿದ್ದೆ. ಒಳಗೆ ಬಂದರೆ ಹಾಲ್ವಾರ್ ಈ ಹಾಳೆಗಳನ್ನು ಹರಡಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಿದ್ದ. ಕಿತ್ತುಕೊಳ್ಳಲು ನನ್ನ ಕೈ ಏಳಲಿಲ್ಲ. ಊಟದ ಹೊತ್ತಿಗೆ ಓದಿ ಮುಗಿಸಿದ. ಪೆನ್ನು ಬೇಕೆಂದ. ಹಿಂದಿನ ಪುಟದಲ್ಲಿರುವುದು ಅವನ ಕೈಬರಹ. ನಿಮಗೆ ಓದಲಾಗದೇ ಹೋದೀತೆಂದು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ:

"ಅಮ್ಮ, ಬಾಗಿಲು ಮುಚ್ಚು ಅಂತ ಒಳಗಿಂದ ಕೂಗಿದ್ದು ನಾನೇ. ನಂಗೆ ನೆನಪಿದೆ. ಬಾ."

ಆ ದಿನ ಅವನಿಗೆ ಮರಳಿ ಬರುವುದಿಲ್ಲವೆಂದು ಡಾಕ್ಟರು ಹೇಳಿದ್ದನ್ನು ಮೇಲೆ ನಾನೇ ಬರೆದಿದ್ದೇನೆ. ಅವನು ಕೂಗಿದ್ದನೋ ಇಲ್ಲವೋ ಗೊತ್ತಿರುವುದು ನಿಮಗೊಬ್ಬರಿಗೇ. ನಾನು ಅವನನ್ನು ಕೇಳಲಿಲ್ಲ, ನಿಮ್ಮನ್ನೂ ಕೇಳುವುದಿಲ್ಲ.