ಬೇಗೂರಿನ ಬಿಳಿ

ಪ್ರೀತಿಯ ಮೇಷ್ಟ್ರೇ,

ಸರಗೂರಿನ ಶಾಲೆಯಲ್ಲಿ ನಾನು ಮೊದಲ ಸಲ ಬಿಳಿ ಬಣ್ಣದ ಟ್ಯೂಬು ಕೇಳಿದಾಗ ನೀವು ನಕ್ಕಿರಿ. "ಜಲವರ್ಣದಲ್ಲಿ ಬಿಳಿ ಬಳಿಯೋದಲ್ಲ ಕಣವ್ವ, ಉಳಿಸ್ಕೊಳ್ಳೋದು. ಕಾಗದಾನೇ ಬಿಳಿ." ತೈಲವರ್ಣವಾದರೆ ತಪ್ಪಿದ್ದನ್ನು ಒಣಗಿದ ಮೇಲೆ ಬಳಿದು ಮುಚ್ಚಬಹುದು, ಇಲ್ಲಿ ನೀರು ಹರಿದ ದಾರಿ ಹಾಗೇ ಉಳಿದುಬಿಡುತ್ತದೆ ಅಂದಿರಿ.

ಇನ್ನೊಂದು ಮಧ್ಯಾಹ್ನ ಇಂಪ್ರೆಷನಿಸಂ ಅಂದರೇನು ಎಂದು ಕೇಳಿದ್ದೆ. ಫ್ರಾನ್ಸಿನ ಕೆಲವು ಚಿತ್ರಕಾರರು ಕೋಣೆ ಬಿಟ್ಟು ಬಯಲಿಗೆ ಬಂದ ಕತೆ ಹೇಳಿದಿರಿ. ಅವರು ಬರೆದದ್ದು ಮರವನ್ನಲ್ಲ, ಮರದ ಮೇಲೆ ಆ ಗಳಿಗೆ ಬಿದ್ದ ಬೆಳಕನ್ನು. "ಕಣ್ಣಿಗೆ ತಟ್ಟಿದ್ದಷ್ಟೇ ಕಣವ್ವ. ಹೊತ್ತು ಕಳೆದ್ರೆ ಅದೂ ಕಳೀತದೆ." ಆಮೇಲೆ ಕಿಟಕಿಯಾಚೆ ಎಷ್ಟು ಹೊತ್ತು ನೋಡುತ್ತ ಕೂತಿರಿ! ಏನು ತಟ್ಟುತ್ತಿತ್ತೋ ನಿಮ್ಮ ಕಣ್ಣಿಗೆ...

ನೀವು ತೀರಿಹೋದ ಮೇಲೆ ನಿಮ್ಮ ಮನೆಯ ಅಮ್ಮಾವ್ರು ನಿಮ್ಮ ಕೊನೆಯ ಚಿತ್ರ ತೋರಿಸಿದರು. ಎನ್. ಬೇಗೂರಿನ ಹಿನ್ನೀರು, ನೀರಲ್ಲಿ ನಿಂತ ಒಣಮರಗಳು. ಅವುಗಳಿಂದ ಮೇಲಕ್ಕೆ ಬಣ್ಣ ತಾಗದ ಬರೀ ಕಾಗದ.

"ಬಂದೋರೆಲ್ಲ ಅರ್ಧಕ್ಕೇ ನಿಂತೋಗದೆ ಅಂತಾರೆ. ನೀನೇ ಮುಗ್ಸಿಕೊಡಮ್ಮಿ. ಅದನ್ನ ನೋಡಿದ್ರೆ ನಿಮ್ ಮೇಷ್ಟ್ರು ಮಾತಿನ ಮಧ್ಯ ಎದ್ದೋದಂಗಾಯ್ತದೆ."

ಕುಂಚ ನೀರಿಗೆ ಅದ್ದಿದೆ. ಆಚೆ ದಡದ ಕಾಡು ಬರೆಯುವುದು ಕಷ್ಟವಿರಲಿಲ್ಲ. ಆದರೆ ಆ ಬಿಳಿ ನೀವು ಬಿಟ್ಟುಹೋದದ್ದೋ, ಉಳಿಸಿಕೊಂಡದ್ದೋ? ಯಾರನ್ನು ಕೇಳಲಿ? ಒಮ್ಮೆ ಬಣ್ಣ ಬಿದ್ದರೆ ಮತ್ತೆ ತೆಗೆಯುವಂತಿಲ್ಲ.

ಮೊನ್ನೆ ಮೊದಲ ಬಸ್ಸಿಗೆ ಬೇಗೂರಿಗೆ ಹೊರಟೆ. ನೀವು ಎಷ್ಟು ಕರೆದರೂ ಅಡುಗೆಯ ನೆವ ಹೇಳುತ್ತಿದ್ದ ಅಮ್ಮಾವ್ರು ತಾವೇ ಸೆರಗು ಹೊದ್ದು ಜೊತೆಗೆ ಬಂದರು. ದಿಣ್ಣೆ ಹತ್ತಿ ನಿಂತೆವು. ಕೆಳಗೆ ನೀರು, ಒಣಮರಗಳು. ಆಚೆ ದಡವಿಲ್ಲ, ಕಾಡಿಲ್ಲ, ಆಕಾಶವೂ ಇಲ್ಲ. ಮಂಜು ಎಲ್ಲವನ್ನೂ ಒಂದೇ ಬಿಳಿ ಮಾಡಿ ಮಲಗಿತ್ತು. ನಾವಿಬ್ಬರೂ ಅದರೊಳಗೆ ತೇಲುತ್ತಿದ್ದೆವೇನೋ ಅನ್ನಿಸಿತು.

ಅಮ್ಮಾವ್ರು ನನ್ನ ಕೈ ಹಿಡಿದುಕೊಂಡರು. "ಇದ್ನ ನೋಡಕ್ಕಾ ಓಯ್ತಿದ್ದುದು? ನನ್ನೂ ಒಂದ್ಸಲ ಎಳ್ಕಂಡ್ ಬರಬಾರ್ದಿತ್ತಾ..." ಬಿಸಿಲೇರಿ ಆಚೆ ದಡ ಮೆಲ್ಲಗೆ ಕಾಣುವವರೆಗೂ ಕದಲಲಿಲ್ಲ. ಆಮೇಲೆ ತಮಗೆ ತಾವೇ ಅಂದುಕೊಂಡರು: "ಮುಗ್ಸೇ ಓಗವ್ರೆ."

ಚಿತ್ರಕ್ಕೆ ನಾನು ಕೈಹಚ್ಚಲಿಲ್ಲ ಮೇಷ್ಟ್ರೇ. ಈ ಭಾನುವಾರ ಮತ್ತೆ ಬೇಗೂರಿಗೆ ಹೋಗುತ್ತಿದ್ದೇವೆ. ಎರಡು ಕಾಗದ ತಾ ಅಂದಿದ್ದಾರೆ ಅಮ್ಮಾವ್ರು. ಒಂದು ಅವರಿಗಂತೆ.