ಮಂಗಳವಾರ ಹನ್ನೊಂದು ಗಂಟೆಗೆ ನಾವು ಎಲ್ಲಿದ್ದೆವು?

ಡಯಾಲಿಸಿಸ್ ಸರದಿ ನಿರ್ಧರಿಸುವ ಸಮಿತಿಯ ಮಾನ್ಯ ಅಧ್ಯಕ್ಷರೇ,

ಬರುವ ಸೋಮವಾರದಿಂದ ಅರವತ್ತು ದಾಟಿದವರಿಗೆ ವಾರಕ್ಕೆ ಮೂರರ ಬದಲು ಎರಡೇ ಸಲ ಡಯಾಲಿಸಿಸ್ ಎಂದು ನಿಮ್ಮ ಸುತ್ತೋಲೆ ಹೇಳುತ್ತದೆ. ನನ್ನ ಯಜಮಾನರಾದ ಶ್ರೀರಾಮಪ್ಪನವರಿಗೆ ಅರವತ್ತಮೂರು. ಒಂದು ಸರದಿ ತಪ್ಪಿದರೂ ಅವರಿಗೆ ಮಲಗಲಾಗುವುದಿಲ್ಲ. ಉಸಿರಿಗೆ ಒದ್ದಾಡುತ್ತಾ ಗೋಡೆಗೆ ಒರಗಿ ಕೂತಿರುತ್ತಾರೆ. ಹೊರಗೆ ಮಾಡಿಸುವ ಶಕ್ತಿ ನಮಗಿಲ್ಲ. ನನಗೆ ಭಯವಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಯಂತ್ರಗಳು ಕಡಿಮೆ, ರೋಗಿಗಳು ಹೆಚ್ಚು. ಯಾರಿಗಾದರೂ ಇಲ್ಲ ಎನ್ನಲೇಬೇಕು. ಅಷ್ಟು ನನಗೂ ಅರ್ಥವಾಗುತ್ತದೆ. ಆದರೆ ಯಾರಿಗೆ ಎನ್ನುವುದು ಬರೀ ವೈದ್ಯಶಾಸ್ತ್ರವೇ, ನ್ಯಾಯ ಅನ್ಯಾಯದ ಮಾತಲ್ಲವೇ? ಅದನ್ನು ಆಡಲು ನಾವು ಬೇಡವೇ? "ಸಾರ್ವಜನಿಕರ ಅಭಿಪ್ರಾಯ ಆಲಿಸಲಾಯಿತು, ಯಾವುದೇ ಆಕ್ಷೇಪಣೆ ಬರಲಿಲ್ಲ" ಎಂದು ನಡಾವಳಿಯಲ್ಲಿ ಬರೆದಿದ್ದೀರಿ. ಆಹಾ! ಸಭೆ ಇಟ್ಟಿದ್ದು ಯಲಹಂಕದಲ್ಲಿ, ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ. ಆ ಹೊತ್ತಿಗೆ ರೋಗಿಗಳು ನಿಮ್ಮದೇ ಆಸ್ಪತ್ರೆಯಲ್ಲಿ ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದರು. ನಾವು ಮನೆಯವರು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದೆವು. ಸೂಜಿ ಕಿತ್ತುಕೊಂಡು ಬಸ್ಸು ಹತ್ತಬೇಕಿತ್ತೇ? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಆ ಬೆಂಚಿಗೊಂದು ಪದ್ಧತಿಯಿದೆ, ನಿಮ್ಮ ತಜ್ಞರಿಗೆ ಗೊತ್ತಿರಲಾರದು. ಸರದಿ ಯಾರದೇ ಇರಲಿ, ಕಾಲು ಹೆಚ್ಚು ಊದಿದವರನ್ನು ಮೊದಲು ಒಳಗೆ ಕಳಿಸುತ್ತೇವೆ. ಹೋದ ತಿಂಗಳು ರಾಜಾನುಕುಂಟೆಯ ಮುನಿಯಣ್ಣ, "ನಂದು ತಡ್ಕೊಂತದೆ, ಮೊದ್ಲು ಆ ಉಡ್ಗೀನ ಕಳ್ಸಿ" ಎಂದು ಕಾಲೇಜು ಓದುವ ಮೋನಿಕಾಳಿಗೆ ಜಾಗ ಬಿಟ್ಟು ನಾಲ್ಕು ಗಂಟೆ ಕಾದರು. ಮುನಿಯಣ್ಣನಿಗೆ ಎಪ್ಪತ್ತು. ಯಾವ ಸುತ್ತೋಲೆ ಅವರಿಗಿದನ್ನು ಹೇಳಿಕೊಟ್ಟಿತ್ತು?

ನಿಮ್ಮ ಆದೇಶ ಓದಿ ಹೇಳಿದಾಗ ನಮ್ಮವರು, "ಚಿಕ್ಕೋರ್ಗೆ ಕೊಡೋದಾದ್ರೆ ಕೊಡ್ಲಿ ಬಿಡೇ. ಕೇಳಿದ್ರೆ ನಾನೇ ಊಂ ಅಂತಿದ್ದೆ. ಇಂಗೆ ಕೇಳ್ದೇನೇ ಕಿತ್ಕೋಬೋದಾ?" ಎಂದರು. ಅವರು ಹೂಂ ಅನ್ನಬಹುದು, ನಾನು ಅನ್ನುವುದಿಲ್ಲ. ನನಗೆ ಅವರು ಬೇಕು. ಈ ಜಗಳವನ್ನು ನಾವಿಬ್ಬರೂ ನಿಮ್ಮ ಎದುರಿಗೇ ಆಡಬೇಕಿತ್ತು.

ಆದೇಶವನ್ನು ತಡೆಹಿಡಿಯಿರಿ. ಸಮಿತಿಯಲ್ಲಿ ರೋಗಿಗಳಿಗೂ ಮನೆಯವರಿಗೂ ಕುರ್ಚಿ ಹಾಕಿಸಿ. ಸಭೆಯನ್ನು ಡಯಾಲಿಸಿಸ್ ವಾರ್ಡಿನಲ್ಲೇ ನಡೆಸಿ, ಮಂಚದ ಪಕ್ಕ ನಿಂತು ಕೇಳಿ. ಆಮೇಲೂ ನನ್ನ ಗಂಡನಿಗೆ ಇಲ್ಲ ಎನ್ನುವುದಾದರೆ, ಅವರ ಮುಖ ನೋಡಿ ಹೇಳಿ.

ಇಂತಿ,
ಸದ್ಯಕ್ಕೆ ಮುತ್ತೈದೆ,
ಧನಲಕ್ಷ್ಮಿ
ಕೊಡಿಗೇಹಳ್ಳಿ